ಮಲೆನಾಡಿನ ಕೊಪ್ಪೆ, ಬಯಲುಸೀಮೆಯ ಕುರಿ

ಮನುಷ್ಯನು ಪ್ರಾಣಿಯ ಮೈಗೂದಲನ್ನು ತನ್ನ ಹೊದಿಕೆಯಾಗಿ ಮಾಡಿಕೊಂಡು ಸಹಸ್ರಾರು ವರ್ಷಗಳಾದುವು. ಉಣ್ಣೆಯು ಚಳಿಯನ್ನು ತಡೆಯುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಮಳೆಯನ್ನೂ ತಡೆಯಬಲ್ಲುದು, ನೆನೆದ ಮೇಲೆಯೂ ಮೈಯನ್ನು ಬೆಚ್ಚಗೆ ಇಡಬಲ್ಲುದು ಎಂಬುದನ್ನು ಕನ್ನಡನಾಡಿನಲ್ಲಿ ಮಲೆನಾಡಿಗರಷ್ಟು ಚೆನ್ನಾಗಿ ಅರಿತವರು ವಿರಳ.

ಶಿರಸಿ ತಾಲೂಕಿನ ಇಸಳೂರಿನಂಥ ಹಳ್ಳಿಗಳಲ್ಲಿ, ಸಿದ್ದಾಪುರ ಯಲ್ಲಾಪುರಗಳ ಅಡಕೆಯ ತೋಟಗಳಲ್ಲಿ, ಪ್ಲಾಸ್ಟಿಕ್ಕು ಬರುವುದಕ್ಕೆ ಮೊದಲು ಗಂಡಸರ ಮಳೆಗಾಲದ ಉಡುಪೆಂದರೆ ಕಂಬಳಿಯ ಕೊಪ್ಪೆ. ಕಂಬಳಿಯ ಒಂದು ಅಂಚನ್ನು ಮಡಿಚಿ, ಮಡಿಕೆಯ ಮೂಲೆಯನ್ನು ತಲೆಗೆ ಸಿಕ್ಕಿಸಿ, ಉಳಿದುದನ್ನು ಬೆನ್ನ ಮೇಲೆ ಇಳಿಬಿಟ್ಟರೆ ಕೊಪ್ಪೆ ಸಿದ್ಧವಾಯಿತು. ಎರಡು ಕೈಗಳೂ ಕೆಲಸಕ್ಕೆ ಬಿಡುವಾಗಿರುತ್ತಿದ್ದುವು. ಹಗಲು ಮಳೆಗೆ ಒಡ್ಡಿದ ಕಂಬಳಿಯನ್ನು ರಾತ್ರಿ ಒಲೆಯ ಕಾವಿನಲ್ಲಿ ಒಣಗಿಸಿ ಮರುದಿನ ಮತ್ತೆ ಹೊದೆಯುತ್ತಿದ್ದರು.

ಇಲ್ಲಿ ಒಂದು ಸೋಜಿಗವುಂಟು. ಕಂಬಳಿಗೆ ಇಷ್ಟು ಗಿರಾಕಿಯಿದ್ದ ಈ ನಾಡಿನಲ್ಲಿ ಕುರಿಯ ಹಿಂಡುಗಳು ಇರಲಿಲ್ಲ. ಕುರಿ ಒಣನಾಡಿನ ಪ್ರಾಣಿ. ತಿಂಗಳುಗಟ್ಟಲೆ ಕೆಸರಿನಲ್ಲಿ ನಿಂತರೆ ಅದರ ಗೊರಸಿನ ಸಂದು ಮೆತ್ತಗಾಗಿ ಕೊಳೆಯುತ್ತದೆ. ಜೌಗುನೆಲದ ಬಸವನಹುಳುಗಳಲ್ಲಿ ಬೆಳೆಯುವ ಒಂದು ಬಗೆಯ ಚಪ್ಪಟೆ ಹುಳುವು ಹುಲ್ಲಿನೊಡನೆ ಕುರಿಯ ಹೊಟ್ಟೆಯನ್ನು ಸೇರಿ ಯಕೃತ್ತನ್ನು ಹಾಳುಮಾಡುತ್ತದೆ. ಆದುದರಿಂದ ಕುರಿ ಬೆಳೆದುದು ಪೂರ್ವದ ಬಯಲುಸೀಮೆಯಲ್ಲಿ. ಅದರ ಉಣ್ಣೆಗೆ ಬೆಲೆ ಬಂದುದು ಪಶ್ಚಿಮದ ಮಳೆಯಲ್ಲಿ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮೊದಲಾದ ಊರುಗಳು ಕಂಬಳಿಗೆ ಹೆಸರಾದುವು. ಕುರುಬ ಸಮಾಜದ ಹೆಂಗಸರು ನೂತ ನೂಲನ್ನು ಗಂಡಸರು ಗುಣಿಮಗ್ಗದಲ್ಲಿ ನೇಯುವುದು ಅಲ್ಲಿನ ವಾಡಿಕೆ.

ಒಂದು ಎಳೆಯ ರಚನೆ

ಉಣ್ಣೆಗೆ ಈ ಗುಣ ಎಲ್ಲಿಂದ ಬಂದಿತೆಂಬುದನ್ನು ಈಗ ನೋಡೋಣ. ನಮ್ಮ ಕೂದಲು, ಉಗುರು, ದನದ ಕೊಂಬುಗಳಂತೆಯೇ ಉಣ್ಣೆಯೂ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಇದರ ಉದ್ದನೆಯ ಅಣುಗಳು ಸುರುಳಿ ಸುತ್ತಿಕೊಂಡಿರುತ್ತವೆ. ಗಂಧಕದ ಪರಮಾಣುಗಳು ಅವುಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆದಿರುತ್ತವೆ. ಎಳೆಯನ್ನು ಜಗ್ಗಿದರೆ ಸುರುಳಿ ಬಿಚ್ಚಿ ನೀಳವಾಗುತ್ತದೆ. ಬಿಟ್ಟರೆ ಗಂಧಕದ ಬೆಸುಗೆಗಳು ಅದನ್ನು ಮೊದಲಿನ ಸ್ಥಿತಿಗೆ ಎಳೆದು ತರುತ್ತವೆ. ಮುದ್ದೆಮಾಡಿ ಇಟ್ಟ ಕಂಬಳಿ ಮತ್ತೆ ಅರಳುವುದು ಇದರಿಂದಲೇ.

ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದರೆ ಉಣ್ಣೆಯ ಎಳೆಯ ಮೇಲ್ಮೈಯು ಹೆಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ಸಣ್ಣ ಸಣ್ಣ ಹುರುಪೆಗಳು ಒಂದರ ಮೇಲೊಂದು ಒರಗಿ, ಬುಡದಿಂದ ತುದಿಯ ಕಡೆಗೆ ಮುಖಮಾಡಿರುತ್ತವೆ. ಈ ಹುರುಪೆಗಳ ಮೇಲೆ ಅತಿ ತೆಳುವಾದ ಕೊಬ್ಬಿನ ಪದರವಿದ್ದು, ಅದು ನೀರಿನ ಹನಿಯನ್ನು ಜಾರಿಸಿಬಿಡುತ್ತದೆ. ಕುರಿಯ ಚರ್ಮದಿಂದ ಒಸರುವ ಜಿಡ್ಡಿನಲ್ಲಿ ತೊಳೆದ ಮೇಲೂ ಸ್ವಲ್ಪ ಭಾಗ ಉಳಿದಿದ್ದರೆ ಅದೂ ಇದಕ್ಕೆ ಸಹಾಯಕ.

ಹನಿಯನ್ನು ಹೊರಗಿಡುವ ಉಣ್ಣೆಯು ಆವಿಯನ್ನು ಮಾತ್ರ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದ ಮೇಲೂ ಅದು ಮುಟ್ಟುವುದಕ್ಕೆ ಹಸಿಯೆನಿಸುವುದಿಲ್ಲ. ನೀರಿನ ಅಣುಗಳು ಕೆರಾಟಿನ್ನಿಗೆ ಅಂಟಿಕೊಳ್ಳುವಾಗ ಸ್ವಲ್ಪ ಶಾಖವು ಹೊರಬೀಳುತ್ತದೆ. ಬೆಚ್ಚಗೆ ಒಣಗಿದ್ದ ಕಂಬಳಿಯನ್ನು ಹೊದ್ದು ತೇವದ ಗಾಳಿಗೆ ಕಾಲಿಟ್ಟವನಿಗೆ ಹಿತವೆನಿಸುವುದರಲ್ಲಿ ಈ ಶಾಖದ ಪಾತ್ರವೂ ಉಂಟು. ಮಳೆ ಜೋರಾದಾಗ ಎಳೆಗಳು ನೀರು ಕುಡಿದು ಉಬ್ಬುತ್ತವೆ. ಅವುಗಳ ದಪ್ಪ ಸುಮಾರು ಆರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಆಗ ನೇಯ್ಗೆಯ ಸಂದುಗಳು ಕಿರಿದಾಗಿ ಕಂಬಳಿ ಇನ್ನಷ್ಟು ಬಿಗಿಯಾಗುತ್ತದೆ. ಇಷ್ಟಾದರೂ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಪೂರ್ತಿ ಹೊರಟುಹೋಗುವುದಿಲ್ಲ. ಮೈಯ ಶಾಖವನ್ನು ಕಾಯುವುದು ಈ ಗಾಳಿಯೇ.

ಒರಟುತನವೇ ಗುಣ

ಎಲ್ಲ ಉಣ್ಣೆಯೂ ಒಂದೇ ಬಗೆಯದಲ್ಲ. ಉಣ್ಣೆಯ ಎಳೆಯ ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು. ಆಸ್ಟ್ರೇಲಿಯದ ಮೆರಿನೋ ಕುರಿಯ ಎಳೆ 17ರಿಂದ 24 ಮೈಕ್ರಾನು. ನಮ್ಮ ಬಯಲುಸೀಮೆಯ ದಖನಿ ಕುರಿಯದು ಇದರ ಇಮ್ಮಡಿಗೂ ಮಿಗಿಲು. 30 ಮೈಕ್ರಾನಿಗಿಂತ ದಪ್ಪವಾದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ಸಾಲದುದಕ್ಕೆ ದಖನಿ ಉಣ್ಣೆಯ ಅನೇಕ ಎಳೆಗಳ ನಡುವೆ ಟೊಳ್ಳು ಇರುವುದರಿಂದ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಎಳೆಯೂ ಬಹಳಮಟ್ಟಿಗೆ ಕಪ್ಪು. ಮೆರಿನೋ ವರ್ಷಕ್ಕೆ ನಾಲ್ಕೈದು ಕಿಲೋಗ್ರಾಂ ಉಣ್ಣೆ ಕೊಟ್ಟರೆ ದಖನಿ ಕೊಡುವುದು ಒಂದು ಕಿಲೋಗ್ರಾಮಿಗೂ ಕಡಮೆ. ಅರ್ಧ ಕಿಲೋಗ್ರಾಮಿನಂತೆ ಲೆಕ್ಕ ಹಿಡಿದರೂ ಎರಡು ಕಿಲೋಗ್ರಾಂ ತೂಕದ ಕಂಬಳಿಗೆ ನಾಲ್ಕು ಕುರಿಗಳ ಒಂದು ವರ್ಷದ ಉಣ್ಣೆ ಬೇಕಾಯಿತು.

ಹೀಗೆಂದು ದಖನಿಯನ್ನು ಕೀಳೆನ್ನುವಂತಿಲ್ಲ. ಒರಟು ಎಳೆಗೆ ಬಾಳಿಕೆ ಹೆಚ್ಚು. ಹಾಸಿಗೆ ಸಿಕ್ಕುಬೀಳದಂತೆ ಹುಣಸೆಬೀಜದ ಸರಿಯನ್ನು ಬಳಿದು ನೇಯ್ದ ಕಂಬಳಿಯು ಮುಳ್ಳಿಗೂ ಮಳೆಗೂ ಒಗ್ಗುವಂಥದು. ಮೆರಿನೋ ಶಾಲನ್ನು ಹೊದ್ದು ಯಾರೂ ತೋಟದ ಕೆಲಸ ಮಾಡಲಾರರು. ಕುರಿಗಂತೂ ಈ ಉಣ್ಣೆಯೇ ಮನೆ: ಬಯಲಿನಲ್ಲಿ ರಾತ್ರಿ ಕಳೆಯುತ್ತ ನೂರಾರು ಮೈಲಿ ನಡೆಯುವ ಹಿಂಡಿಗೆ ಬೇರೆ ಮರೆ ಎಲ್ಲಿಯದು?

ನಯವಾದ ಉಣ್ಣೆಯ ಆಸೆ ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 19ನೆಯ ಶತಮಾನದಲ್ಲಿಯೇ ಮೆರಿನೋ ಟಗರುಗಳನ್ನು ತರಿಸಿ ನಾಡಕುರಿಯೊಡನೆ ಸಂಕರಕ್ಕೆ ತೊಡಗಿದನು. ಸ್ವಾತಂತ್ರ್ಯಾನಂತರವೂ ಇಂಥ ಯತ್ನಗಳು ನಡೆದುವು. ಸಂಕರದ ಕುರಿಯ ಉಣ್ಣೆ ನಯವಾದೀತು. ಆದರೆ ಬಿಸಿಲು, ದೂರದ ನಡಿಗೆ, ಅರೆಹೊಟ್ಟೆ, ರೋಗ ಇವುಗಳನ್ನು ದಖನಿಯಂತೆ ತಾಳಿಕೊಳ್ಳುವುದು ಅದಕ್ಕೆ ಕಷ್ಟ.

ಬೇಡಿಕೆಯ ಏರಿಳಿತ

ಉಣ್ಣೆಗೆ ನಿಜವಾದ ಪೈಪೋಟಿ ಬಂದುದು ಬೇರೊಂದು ಕುರಿಯಿಂದಲ್ಲ, ರಸಾಯನಶಾಲೆಯಿಂದ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. 1950ರ ಹೊತ್ತಿಗೆ ಉಣ್ಣೆಯನ್ನೇ ಹೋಲುವ ಅಕ್ರಿಲಿಕ್ ಎಳೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಕೊರಿಯದ ಯುದ್ಧದ ಕಾಲದಲ್ಲಿ, ಎಂದರೆ 1950–51ರಲ್ಲಿ, ಉಣ್ಣೆಯ ಬೆಲೆ ಗಗನಕ್ಕೇರಿತು. ಆ ಮೇಲೆ ಅಗ್ಗದ ಕೃತಕ ಎಳೆಗಳು ಒಂದೊಂದಾಗಿ ಅದರ ಸ್ಥಳವನ್ನು ಆಕ್ರಮಿಸಿದುವು. ಆಸ್ಟ್ರೇಲಿಯವು ಉಣ್ಣೆಗೆ ಕನಿಷ್ಠ ಬೆಲೆಯನ್ನು ಗೊತ್ತುಮಾಡಿ ಮಾರಾಟವಾಗದುದನ್ನು ಕೊಂಡಿಡುತ್ತ ಬಂದಿತು. 40 ಲಕ್ಷಕ್ಕೂ ಹೆಚ್ಚು ಬೇಲುಗಳು ಉಗ್ರಾಣದಲ್ಲಿ ಬಿದ್ದಾಗ, 1991ರಲ್ಲಿ, ಆ ಏರ್ಪಾಟನ್ನೇ ಕೈಬಿಡಬೇಕಾಯಿತು. ಇಂದು ಜಗತ್ತು ಬಳಸುವ ನೂರು ಕಿಲೋಗ್ರಾಂ ಎಳೆಯಲ್ಲಿ ಉಣ್ಣೆಯ ಪಾಲು ಸುಮಾರು ಒಂದು ಕಿಲೋಗ್ರಾಂ ಮಾತ್ರ.

ಮಲೆನಾಡಿನಲ್ಲಿ ಈ ಮಾರ್ಪಾಡು ಸದ್ದಿಲ್ಲದೆ ನಡೆಯಿತು. ಪ್ಲಾಸ್ಟಿಕ್ಕಿನ ಹಾಳೆ ಹಗುರ, ಅಗ್ಗ, ಕೊಡವಿದರೆ ಒಣಗಿತು. ಬಡವನಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಕೊಪ್ಪೆ ಮೂಲೆಗೆ ಬಿದ್ದಾಗ ದೂರದ ಬಯಲುಸೀಮೆಯ ಮಗ್ಗವೂ ನಿಂತಿತು. ದೇವರ ಗದ್ದುಗೆಗೆ ಹಾಸುವುದಕ್ಕೆ, ಮೈಲಾರಲಿಂಗನ ಗೊರವರ ಉಡುಗೆಗೆ ಕಂಬಳಿ ಈಗಲೂ ಬೇಕು; ಅಷ್ಟರಿಂದ ಒಂದು ಕಸುಬು ಬದುಕಲಾರದು.

ಅಂಕೆಗಳನ್ನು ನೋಡಿದರೆ ಸ್ಥಿತಿ ಸ್ಪಷ್ಟವಾಗುತ್ತದೆ. ಕರ್ಣಾಟಕದ ಕುರಿಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ಸುಮಾರು 96 ಲಕ್ಷವಿದ್ದುದು 2019ರಲ್ಲಿ ಸುಮಾರು 1 ಕೋಟಿ 11 ಲಕ್ಷಕ್ಕೇರಿತು. ಆದರೆ ಭಾರತದ ಉಣ್ಣೆಯ ಉತ್ಪತ್ತಿ 2014–15ರಲ್ಲಿ 4 ಕೋಟಿ 81 ಲಕ್ಷ ಕಿಲೋಗ್ರಾಂ ಇದ್ದುದು 2022–23ರಲ್ಲಿ 3 ಕೋಟಿ 36 ಲಕ್ಷಕ್ಕಿಳಿಯಿತು. ಕುರಿ ಹೆಚ್ಚಿ ಉಣ್ಣೆ ತಗ್ಗುವುದು ಹೇಗೆ? ಉತ್ತರ ಸರಳ: ನಮ್ಮಲ್ಲಿ ಈಗ ಕುರಿಯನ್ನು ಸಾಕುವುದು ಮಾಂಸಕ್ಕೆ. ಕತ್ತರಿಸುವವನ ಕೂಲಿಯೂ ಉಣ್ಣೆಯಿಂದ ಹುಟ್ಟದಿರುವಾಗ, ಉಣ್ಣೆಯಿಲ್ಲದೆ ಬೇಗನೆ ತೂಕಕ್ಕೆ ಬರುವ ಕುರಿಯೇ ಲಾಭವೆಂದು ಕುರಿಗಾರನು ಎಣಿಸುವುದು ಸಹಜ. ದಖನಿಯ ಹಿಂಡುಗಳಲ್ಲಿ ಬೋಳುಮೈಯ ನೆಲ್ಲೂರು ಟಗರುಗಳೂ ಯಳಗ ಕುರಿಗಳೂ ಸೇರುತ್ತಿರುವುದು ಇದರಿಂದಲೇ.

ಇದರ ನಷ್ಟ ಕೂಡಲೇ ಕಾಣುವಂಥದಲ್ಲ. ಕಸುಬೊಂದು ನಿಂತರೆ ಅದನ್ನು ಮತ್ತೆ ಕಲಿಯಬಹುದು. ತಳಿಯೊಂದು ಬೆರೆತುಹೋದರೆ ಅದನ್ನು ಮರಳಿ ಪಡೆಯುವುದು ಸುಲಭವಲ್ಲ. ಬರಗಾಲವನ್ನೂ ಹೊರಬಯಲಿನ ಚಳಿಯನ್ನೂ ಗೆದ್ದುಬಂದ ಗುಣಗಳು ಆ ಕಪ್ಪು ಉಣ್ಣೆಯ ಜೊತೆಗೇ ಮರೆಯಾದಾವು.

ಹಾಗಾದರೆ ಮಾಡತಕ್ಕುದೇನು? ಒರಟು ಉಣ್ಣೆಯನ್ನು ನಯಮಾಡುವ ಹಟವನ್ನು ಬಿಟ್ಟು, ಒರಟಾಗಿಯೇ ಅದು ಎಲ್ಲಿ ಸಲ್ಲುವುದೆಂದು ಹುಡುಕುವುದು ಮೇಲು. ಅದರ ಎಳೆಗಳ ಹುರುಪೆಗಳು ಬಿಸಿನೀರಿನಲ್ಲಿ ಉಜ್ಜಿದಾಗ ಒಂದಕ್ಕೊಂದು ಕಚ್ಚಿಕೊಂಡು ದಪ್ಪ ಜಮಖಾನದಂತಾಗುತ್ತವೆ. ಇದನ್ನು ಶಾಖವನ್ನೂ ಸದ್ದನ್ನೂ ತಡೆಯಲು ಗೋಡೆ ಮಾಡುಗಳಲ್ಲಿ ಬಳಸಬಹುದು. ಉಣ್ಣೆ ಸುಲಭವಾಗಿ ಉರಿ ಹತ್ತುವುದಿಲ್ಲವಾದುದರಿಂದ ಇದು ಕ್ಷೇಮವೂ ಹೌದು. ಉಣ್ಣೆಯಲ್ಲಿ ಶೇಕಡ 16ರಷ್ಟು ಸಾರಜನಕವಿದೆ. ಮಣ್ಣಿನಲ್ಲಿ ಮೆಲ್ಲಗೆ ಕೊಳೆಯುತ್ತ, ನೀರನ್ನೂ ಹಿಡಿದಿಟ್ಟುಕೊಂಡು, ಸಸಿಗೆ ಗೊಬ್ಬರವಾಗುತ್ತದೆ. ಯೂರೋಪಿನಲ್ಲಿ ಮಾರದೆ ಉಳಿದ ಉಣ್ಣೆಯನ್ನು ಗುಳಿಗೆಮಾಡಿ ಹೀಗೆ ಬಳಸುತ್ತಿದ್ದಾರೆ. ಕೃತಕ ಎಳೆಯ ಬಟ್ಟೆಯಾದರೋ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕಿನ ಚೂರುಗಳನ್ನು ನೀರಿಗೆ ಬಿಡುತ್ತದೆ.

ಒಮ್ಮೆ ಬಯಲುಸೀಮೆಯ ಉಣ್ಣೆಯು ಮಲೆನಾಡಿನ ಮಳೆಯಲ್ಲಿ ತನ್ನ ಗಿರಾಕಿಯನ್ನು ಕಂಡುಕೊಂಡಿತು. ವಸ್ತುವಿನ ಗುಣಕ್ಕೂ ನೆಲದ ಅಗತ್ಯಕ್ಕೂ ಸರಿಯಾಗಿ ಹೊಂದಿಕೆಯಾದುದರಿಂದ ಆ ವ್ಯಾಪಾರ ಬಹುಕಾಲ ನಿಂತಿತು. ಅಂಥದೇ ಇನ್ನೊಂದು ಹೊಂದಿಕೆಯನ್ನು ಕಂಡುಹಿಡಿಯುವುದು ಇಂದು ವಿಜ್ಞಾನವನ್ನು ಓದುತ್ತಿರುವ ತರುಣರ ಪಾಲಿಗೆ ಬಂದ ಕೆಲಸ. ಅದಕ್ಕೆ ಬೇಕಾದ ಸಾಮಗ್ರಿ ಕುರಿಗಾರರ ಹಿಂಡುಗಳಲ್ಲಿ ವರ್ಷಕ್ಕೆ ಎರಡು ಸಲ ಬೆಳೆಯುತ್ತಲೇ ಇದೆ.