ಕಪ್ಪು ಗಾಜಿನೊಳಗೆ ಏನಿದೆ?

ಮಡಕೆ ಮಾಡಲು ಜೇಡಿಮಣ್ಣು ಬೇಕು. ಆದರೆ ದ್ರವದಿಂದಲೂ ಸೆರಾಮಿಕ್ ತಯಾರಿಸಬಹುದು!

ಮೀಥೈಲ್‌ಟ್ರೈಈಥಾಕ್ಸಿಸಿಲೇನ್ ಎಂಬ ದ್ರವಕ್ಕೆ ನೀರು ಮತ್ತು ತುಸು ಆಮ್ಲ ಸೇರಿಸಿದರೆ ಅಣುಗಳು ಒಂದಕ್ಕೊಂದು ಬೆಸೆದು ಪಾಲಿಮರ್ ಜೆಲ್ ಆಗುತ್ತದೆ. ಅದನ್ನು ಒಣಗಿಸಿ, ಆರ್ಗಾನ್ ಅನಿಲದಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಸಿಲಿಕಾನ್ ಆಕ್ಸಿಕಾರ್ಬೈಡ್ ಎಂಬ ಕಪ್ಪು ಗಾಜು ಸಿಗುತ್ತದೆ. ಗಾಳಿಯಲ್ಲಿ ಕಾಯಿಸಿದರೆ ಇಂಗಾಲ ಉರಿದುಹೋಗಿ ಸಿಲಿಕಾ ಮಾತ್ರ ಉಳಿಯುತ್ತದೆ.

ಆಕ್ಸಿಜನ್ ಎರಡು ಬಂಧ ಕಟ್ಟುತ್ತದೆ, ಇಂಗಾಲ ನಾಲ್ಕು. ಹಾಗಾಗಿ ಇಂಗಾಲವು ಸಿಲಿಕಾನ್ ಜಾಲದೊಳಗೆ ಸೇರಿದರೆ ಗಾಜು ಇನ್ನಷ್ಟು ಗಡುಸಾಗುತ್ತದೆ, ಹೆಚ್ಚು ಶಾಖ ತಾಳುತ್ತದೆ. ಮಸಿಯಂತೆ ಬೇರೆಯಾಗಿ ಉಳಿದ ಇಂಗಾಲ ಹಾಗೆ ಜಾಲವನ್ನು ಬಿಗಿಯುವುದಿಲ್ಲ. ಇಂಗಾಲ ಎಲ್ಲಿ ಕುಳಿತಿದೆ ಎಂಬುದು ಕಣ್ಣಿಗೆ ಕಾಣದು. ಗಾಜಿನಲ್ಲಿ ಸ್ಫಟಿಕದ ಕ್ರಮವಿಲ್ಲದ್ದರಿಂದ ಎಕ್ಸ್-ರೇ ವಿವರ್ತನೆಯೂ ಹೆಚ್ಚೇನೂ ಹೇಳದು.

ಇಲ್ಲಿ ರೋಹಿತದರ್ಶನ ನೆರವಾಗುತ್ತದೆ. ಅವಕೆಂಪು ರೋಹಿತದಲ್ಲಿ 1270ರ ಸುಮಾರಿನ ತರಂಗಸಂಖ್ಯೆಯ ಗೆರೆ ಮಾಯವಾದರೆ, ಸಿಲಿಕಾನ್‌ಗೆ ಅಂಟಿದ್ದ ಮೀಥೈಲ್ ಗುಂಪು ಒಡೆದಿದೆ ಎಂದರ್ಥ. ಸಿಲಿಕಾನ್-29ರ ಎನ್‌ಎಂಆರ್, ಪ್ರತಿ ಸಿಲಿಕಾನ್ ಸುತ್ತ ಎಷ್ಟು ಇಂಗಾಲ, ಎಷ್ಟು ಆಕ್ಸಿಜನ್ ಇದೆಯೆಂದು ತಿಳಿಸುತ್ತದೆ. ರಾಮನ್ ರೋಹಿತದಲ್ಲಿ 1350 ಮತ್ತು 1600ರ ಬಳಿಯ ಪಟ್ಟಿಗಳು ಬಿಡಿ ಇಂಗಾಲದ ಗುರುತು. 1928ರಲ್ಲಿ ಕೋಲ್ಕತ್ತದಲ್ಲಿ ಈ ಪರಿಣಾಮವನ್ನು ಕಂಡುಹಿಡಿದ ಸಿ. ವಿ. ರಾಮನ್ ಮುಂದೆ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲೇ.

ಒಂದೊಂದು ರೋಹಿತವೂ ಒಂದೊಂದು ಸಾಕ್ಷಿ. ಮೂರನ್ನೂ ಕೂಡಿಸಿ ಓದಿದಾಗಲೇ ಗಾಜಿನ ಒಳಗುಟ್ಟು ತಿಳಿಯುತ್ತದೆ. ನಾವು ತರಗತಿಯಲ್ಲಿ ಬಾಯಿಪಾಠ ಮಾಡುವ ‘ರಾಸಾಯನಿಕ ಬಂಧ’ ಕುಲುಮೆಯಲ್ಲಿ ಹೀಗೆ ಜೀವ ತಳೆಯುತ್ತದೆ.