ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ದಟ್ಟಗಳ್ಳಿಯ ನಮ್ಮ ಮನೆಯ ಕಾಂಪೌಂಡಿಗೆ ಹಬ್ಬಿದ ಮಲ್ಲಿಗೆ ಬಳ್ಳಿ ಬೇಸಿಗೆ ಬಂತೆಂದರೆ ಮೈತುಂಬ ಮೊಗ್ಗು ಬಿಡುತ್ತದೆ. ಸಂಜೆ ಮೊಗ್ಗು ಬಿಡಿಸಿ ಹೂ ಕಟ್ಟುವುದು ನನ್ನ ನಲವತ್ತು ವರ್ಷದ ಅಭ್ಯಾಸ. ಹೋದ ವರ್ಷ ಯುಗಾದಿ ಕಳೆದ ಮೇಲೆ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆರು ವಾರದ ನಂತರ ಪ್ಲಾಸ್ಟರ್ ಬಿಚ್ಚಿದರೆ, ಬೆರಳುಗಳು ನನ್ನವೇ ಅಲ್ಲವೇನೋ ಎನಿಸಿತು. ರವಿಕೆಯ ಹುಕ್ ಹಾಕಲೂ ಆಗಲಿಲ್ಲ. ಮೊಗ್ಗುಗಳು ಬಳ್ಳಿಯಲ್ಲೇ ಅರಳಿ ಉದುರುತ್ತಿದ್ದವು.

"ಅಜ್ಜಿ, ನಾನು ಕಟ್ಲಾ?" ಎಂದಳು ಐದನೇ ತರಗತಿಯ ಮೊಮ್ಮಗಳು. ಮೊಬೈಲಿನ ಮೇಲೆ ಅವಳ ಹೆಬ್ಬೆರಳು ಮಿಂಚಿನಂತೆ ಓಡುತ್ತದೆ. ದಾರ ಹಿಡಿದರೆ ಮಾತ್ರ ಬರೀ ಗೋಜಲು. ಹೇಳಿಕೊಡೋಣವೆಂದರೆ ಮಾತಿನಲ್ಲಿ ಹೇಳಲು ನನಗೇ ಬಾರದು! ಕೊನೆಗೆ ನೋಯುವ ಕೈಯಲ್ಲೇ ನಿಧಾನವಾಗಿ ಕಟ್ಟುತ್ತಾ ಹೇಳಿದೆ: "ಎಡಗೈಯಲ್ಲಿ ದಾರದ ತುದಿ ಹಿಡಿ. ಎರಡು ಮೊಗ್ಗು ಒಂದು ಕಡೆಗೆ, ಎರಡು ಎದುರು ಕಡೆಗೆ ಇಟ್ಟು ತೊಟ್ಟು ಸೇರಿಸು. ದಾರ ಒಂದು ಸುತ್ತು ತಾ. ಬಲಗೈ ಬೆರಳಲ್ಲಿ ಕುಣಿಕೆ ಮಾಡಿ, ತೊಟ್ಟಿಗೆ ತೊಡಿಸಿ ಎಳಿ." ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಸಡಿಲವಾದರೆ ಹೂ ಜಾರುತ್ತದೆ. ಆ ಹದವನ್ನು ಬೆರಳೇ ಕಲಿಯಬೇಕು. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಗಿರಾಕಿಯೊಡನೆ ಮಾತಾಡುತ್ತಲೇ, ಕೆಳಗೆ ನೋಡದೆ ಮಾರುಗಟ್ಟಲೆ ಕಟ್ಟುತ್ತಾರೆ.

ಮಕ್ಕಳೇ, ಒಂದು ಸೋಜಿಗ ನೋಡಿ. ಎಡಗೈಯಿಂದ ಬಲ ಮುಂದೋಳನ್ನು ಹಿಡಿದು, ಬಲಗೈ ಬೆರಳು ಮಡಚಿ ಬಿಚ್ಚಿ. ಒಳಗೆ ಏನೋ ಮಿಸುಕಾಡುತ್ತದಲ್ಲವೇ? ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ! ಸೂತ್ರದ ಬೊಂಬೆಯ ದಾರದಂತೆ ಉದ್ದನೆಯ ಸ್ನಾಯುರಜ್ಜುಗಳು ಬೆರಳನ್ನು ಎಳೆಯುತ್ತವೆ. ಒಂದೊಂದು ಕೈಯಲ್ಲಿ, ಮಣಿಕಟ್ಟೂ ಸೇರಿ, 27 ಮೂಳೆಗಳಿವೆ. ಮಾಂಟ್ರಿಯಲ್‌ನ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಅವರ ಸಂಗಡಿಗರು ಮೆದುಳಿನ ಯಾವ ಜಾಗ ಯಾವ ಅಂಗವನ್ನು ಆಡಿಸುತ್ತದೆಂದು 1937ರಲ್ಲಿ ಪ್ರಕಟಿಸಿದರು. ಎದೆ, ಹೊಟ್ಟೆ, ಬೆನ್ನು ಎಲ್ಲಕ್ಕೂ ಸೇರಿ ಇರುವ ಜಾಗಕ್ಕಿಂತ ಕೈಗೆ ಮೀಸಲಾದ ಜಾಗವೇ ದೊಡ್ಡದು!

ವೈದ್ಯರು ಹೇಳಿದ ವ್ಯಾಯಾಮದ ಜೊತೆಗೆ ದಿನವೂ ಸಂಜೆ ಇಬ್ಬರೂ ಹೂ ಕಟ್ಟಿದೆವು. ಮೊದಲ ದಿನ ಅವಳದು ನಾಲ್ಕು ಬೆರಳುದ್ದ, ನನ್ನದು ಅದಕ್ಕೂ ಚಿಕ್ಕದು. ನಿಧಾನವಾಗಿ ಬೆರಳುಗಳು ಮಾತು ಕೇಳತೊಡಗಿದವು. ರವಿಕೆಯ ಹುಕ್ ಈಗ ನಾನೇ ಹಾಕಿಕೊಳ್ಳುತ್ತೇನೆ.

ಈ ಬೇಸಿಗೆಯಲ್ಲೂ ಬಳ್ಳಿ ಮೊಗ್ಗು ಬಿಟ್ಟಿದೆ. ಅವಳು ಒಂದು ಮೊಳ ಮುಗಿಸುವ ಹೊತ್ತಿಗೆ ನನ್ನದು ಅರ್ಧ ಮೊಳ. ನಿನ್ನೆ ಸಂಜೆ ನನ್ನ ಕೈ ನೋಡಿ ಅವಸರ ಮಾಡಿದಳು:

"ಬೇಗ ಕಟ್ಟಜ್ಜಿ, ದೀಪ ಹಚ್ಚೋ ಹೊತ್ತಾಯ್ತು!"