ಮೊದಲ ದೋಣಿ: ಮೀನಿಗಿಂತ ಮೊದಲು ವಾಪಸ್ ಬರುವುದನ್ನು ಕಲಿಯೋಣ

ಮಳೆಗಾಲ ಮುಗಿದು ಕಡಲು ಸ್ವಲ್ಪ ಸಮಾಧಾನವಾಗುವ ಹೊತ್ತಿಗೆ ಉಳ್ಳಾಲ, ಕೋಟೆಪುರ, ಕಸಬಾ ಬೆಂಗ್ರೆಯಂತಹ ಕಡೆ ದಡದಲ್ಲಿ ಹೊಸ ಬಣ್ಣದ ಫೈಬರ್ ದೋಣಿ ಕಾಣಿಸುವುದುಂಟು. ಅದರ ಹಿಂದೆ ಒಂದು ಮನೆಯ ಲೆಕ್ಕಾಚಾರ ಇರುತ್ತದೆ. ಗಲ್ಫ್ ಬಿಟ್ಟು ಬಂದವನ ಉಳಿತಾಯ, ಹೆಂಡತಿಯ ಚಿನ್ನ, ಅಣ್ಣನೋ ಭಾವನೋ ಕೊಟ್ಟ ಕೈಸಾಲ. ಇಷ್ಟು ವರ್ಷ ಬೇರೆಯವರ ಬೋಟಿನಲ್ಲಿ ಪಾಲಿಗೆ ದುಡಿದವನು ತನ್ನದೇ ಒಂದು ಸಣ್ಣ ದೋಣಿ ಮಾಡಿಕೊಳ್ಳುವುದು ಸಂತೋಷದ ವಿಷಯವೇ.

ಆದರೆ ದೋಣಿಯ ಮಾತು ಬಂದಾಗ ನಾವು ಕೇಳುವುದು ಎಂತದ್ದು? ಇಂಜಿನ್ ಯಾವುದು, ಬಲೆಗೆ ಎಷ್ಟಾಯಿತು, ದಿನಕ್ಕೆ ಎಷ್ಟು ಮೀನು ಸಿಕ್ಕೀತು. ಲೈಫ್ ಜಾಕೆಟ್ ಎಷ್ಟು ಉಂಟು ಅಂತ ಕೇಳುವವರು ಕಡಿಮೆ. ದೋಣಿ ಹೊಸದಾದರೂ ಕಡಲು ಹಳೆಯದೇ. ಮೊದಲ ವರ್ಷ ಕಲಿಯಬೇಕಾದ ದೊಡ್ಡ ವಿದ್ಯೆ ಮೀನು ಹಿಡಿಯುವುದಲ್ಲ, ಹೋದ ಹಾಗೆಯೇ ವಾಪಸ್ ಬರುವುದು.

ಕೊಳ್ಳುವ ಮೊದಲು

ಹಳೆಯ ದೋಣಿ ಕೊಳ್ಳುವುದಾದರೆ ಬಣ್ಣ ನೋಡಿ ಮರುಳಾಗಬಾರದು. ಮುಖ್ಯವಾಗಿ ನೋಡಬೇಕಾದ್ದು ಇಂಜಿನ್ ಕೂರಿಸುವ ಹಿಂಬದಿಯ ಭಾಗ. ಇಂಜಿನ್‌ನ ಭಾರ ಮತ್ತು ಎಳೆತ ಎಲ್ಲಾ ಬೀಳುವುದು ಅಲ್ಲಿಗೆ. ಅಲ್ಲಿ ಬಿರುಕು ಉಂಟಾ, ತಟ್ಟಿದರೆ ಮೆತ್ತಗಿನ ಶಬ್ದ ಬರುತ್ತದಾ ಅಂತ ಪರೀಕ್ಷಿಸಬೇಕು. ಫೈಬರ್‌ನ ಒಳಗಿರುವ ಮರ ನೀರು ಕುಡಿದು ಕೊಳೆತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ದೋಣಿಯನ್ನು ಒಂದೆರಡು ಗಂಟೆ ಹೊಳೆಯಲ್ಲಿ ಬಿಟ್ಟು ನೀರು ಒಸರುತ್ತದಾ ನೋಡಿದ ಮೇಲೆಯೇ ಹಣದ ಮಾತು. ಮಗುಚಿದರೂ ಮುಳುಗದಂತೆ ತೇಲಿಸುವ ಮುಚ್ಚಿದ ಅರೆಗಳು ದೋಣಿಯ ಒಳಗೆ ಇವೆಯಾ ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು.

ಕಾಗದಪತ್ರವೂ ಸುರಕ್ಷತೆಯ ಭಾಗವೇ. ದೋಣಿ ಮೀನುಗಾರಿಕಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು, ಮೀನುಗಾರಿಕೆಯ ಪರವಾನಿಗೆ ಬೇಕು, ಹಳೆಯ ದೋಣಿಯಾದರೆ ಹೆಸರು ಬದಲಾವಣೆ ಆಗಬೇಕು. 2008ರ ಮುಂಬೈ ದಾಳಿಗೆ ಬಂದವರು ಮೀನುಗಾರಿಕಾ ಬೋಟೊಂದನ್ನು ಬಳಸಿದ್ದರು. ಆಮೇಲೆ ಕಡಲಲ್ಲಿ ತಪಾಸಣೆ ಬಿಗಿಯಾಗಿದೆ. ಹಾಗಾಗಿ ದೋಣಿಯಲ್ಲಿರುವ ಪ್ರತಿಯೊಬ್ಬರ ಬಳಿಯೂ ಗುರುತಿನ ಚೀಟಿ ಇರಲಿ.

ಇನ್ನೊಂದು ವಿಷಯ ವಿಮೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನೋಂದಾಯಿತ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಉಂಟು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ ರೂಪಾಯಿ. ಕಂತು ಸರಕಾರವೇ ಕಟ್ಟುತ್ತದೆ, ಆದರೆ ಹೆಸರು ನೋಂದಾಯಿಸಿರಬೇಕು. ದೋಣಿಗೆ ಬಣ್ಣ ಹಚ್ಚುವ ಮೊದಲೇ ಈ ಕೆಲಸ ಮುಗಿಯಲಿ.

ದೋಣಿಯಲ್ಲಿ ಎಂತೆಲ್ಲ ಇರಬೇಕು?

ಜನ ಎಷ್ಟೋ ಜಾಕೆಟ್ ಅಷ್ಟು. ಅದು ಬಲೆಯ ಅಡಿಯಲ್ಲಿ ಬಿದ್ದಿರುವುದಲ್ಲ, ಮೈಮೇಲೆ ಇರಬೇಕು. ದೋಣಿ ಮಗುಚುವುದು ಒಂದು ಕ್ಷಣದ ಕೆಲಸ. ಆಗ ಹುಡುಕಿ ಹಾಕಿಕೊಳ್ಳಲು ಸಮಯ ಸಿಗುವುದಿಲ್ಲ. "ನನಗೆ ಈಜು ಬರುತ್ತದೆ" ಎನ್ನುವವರುಂಟು. ತಲೆಗೆ ಪೆಟ್ಟಾದರೆ, ಕಾಲಿಗೆ ಬಲೆ ಸುತ್ತಿಕೊಂಡರೆ ಈಜು ಎಲ್ಲಿಯ ಉಪಯೋಗಕ್ಕೆ? "ಆಯುಸ್ಸು ಅಲ್ಲಾಹನ ಕೈಯಲ್ಲಿ" ಎನ್ನುವವರೂ ಉಂಟು. ಸತ್ಯ. ಆದರೆ ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಬೇಕು ಎಂಬ ಪಾಠವನ್ನು ನಾವೆಲ್ಲ ಮದ್ರಸದಲ್ಲೇ ಕಲಿತವರು.

ಉಳಿದದ್ದು: ಎರಡು ಹುಟ್ಟು, ಲಂಗರು ಮತ್ತು ಸಾಕಷ್ಟು ಉದ್ದದ ಹಗ್ಗ, ನೀರು ಮೊಗೆಯಲು ಬಕೆಟ್, ಟಾರ್ಚ್, ಸೀಟಿ, ಹರಿತವಾದ ಚೂರಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನೀರು ಹೋಗದ ಚೀಲದಲ್ಲಿ ಮೊಬೈಲ್. ಇಂಜಿನ್ ಕೆಟ್ಟಾಗ ದೋಣಿ ಬಂಡೆಯ ಕಡೆಗೋ ಅಳಿವೆಯ ಕಡೆಗೋ ತೇಲಿ ಹೋಗದಂತೆ ಹಿಡಿದಿಡುವುದು ಲಂಗರು. ಅದಕ್ಕೆ ನೀರಿನ ಆಳದ ಮೂರು ಪಟ್ಟಿಗಿಂತ ಕಡಿಮೆ ಹಗ್ಗ ಸಾಲದು, ಐದು ಪಟ್ಟು ಇದ್ದರೆ ಒಳ್ಳೆಯದು.

ಇಂಜಿನ್‌ಗೆ ಹೆಚ್ಚುವರಿ ಪ್ಲಗ್, ಸ್ಟಾರ್ಟರ್ ಹಗ್ಗ, ಪ್ರೊಪೆಲ್ಲರ್‌ನ ಪಿನ್, ಸ್ಪ್ಯಾನರ್ ಜೊತೆಗಿರಲಿ. ಇಂಜಿನ್ ಕಳಚಿ ನೀರಿಗೆ ಬೀಳದಂತೆ ಒಂದು ಸರಪಳಿಯಿಂದ ದೋಣಿಗೆ ಕಟ್ಟಬೇಕು. ಇಂಜಿನ್ ನಿಲ್ಲಿಸುವ ಸುರುಳಿ ದಾರ ಇದ್ದರೆ ಅದು ಚುಕ್ಕಾಣಿ ಹಿಡಿದವನ ಕೈಗೆ ಸಿಕ್ಕಿಸಿಕೊಂಡಿರಲಿ. ಅವನು ನೀರಿಗೆ ಬಿದ್ದರೆ ಇಂಜಿನ್ ತನ್ನಿಂದ ತಾನೇ ನಿಲ್ಲುತ್ತದೆ. ಇಲ್ಲವಾದರೆ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರಬಹುದು. ಎಣ್ಣೆಯ ಲೆಕ್ಕ ಸುಲಭ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಕಷ್ಟಕಾಲಕ್ಕೆ.

ಅಳಿವೆ ಬಾಗಿಲು

ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರಿ ಕಡಲಿಗೆ ಇಳಿಯುವ ಅಳಿವೆ ಬಾಗಿಲು ಉಳ್ಳಾಲ ಮತ್ತು ಬೆಂಗ್ರೆಯ ನಡುವೆ ಉಂಟು. ಹೊಸಬರು ನಡುಕಡಲಿಗೆ ಹೆದರುತ್ತಾರೆ. ಆದರೆ ಸಣ್ಣ ದೋಣಿಗೆ ಹೆಚ್ಚು ಅಪಾಯ ದಡದ ಹತ್ತಿರದ ಈ ಬಾಗಿಲಿನಲ್ಲೇ. ಮಳೆಗಾಲದ ಹೊಳೆ ಮರಳು ತಂದು ಹಾಕುತ್ತದೆ, ಕಡಲು ಅದನ್ನು ಆಚೀಚೆ ಸರಿಸುತ್ತದೆ. ಕಳೆದ ವರ್ಷ ಆಳ ಇದ್ದ ಜಾಗದಲ್ಲಿ ಈ ವರ್ಷ ದಿಬ್ಬ ಇರಬಹುದು.

ಇಳಿತದ ಹೊತ್ತಿಗೆ ಹೊಳೆಯ ನೀರು ರಭಸದಿಂದ ಹೊರಗೆ ಹೋಗುತ್ತದೆ, ಎದುರಿನಿಂದ ಕಡಲಿನ ಅಲೆ ಒಳಗೆ ಬರುತ್ತದೆ. ಎರಡೂ ಡಿಕ್ಕಿಯಾಗುವಲ್ಲಿ ಅಲೆ ನೆಟ್ಟಗೆ ಎದ್ದು ಒಡೆಯುತ್ತದೆ. ಆದ್ದರಿಂದ ಹೊಸಬರು ಉಬ್ಬರ ಏರುತ್ತಿರುವಾಗ ಅಥವಾ ತುಂಬಿ ನಿಂತಾಗ ದಾಟುವುದು ಒಳ್ಳೆಯದು. ಬಾಗಿಲಿನ ಒಳಗೇ ಸ್ವಲ್ಪ ಹೊತ್ತು ನಿಂತು ನೋಡಬೇಕು. ಅಲೆಗಳು ಗುಂಪಾಗಿ ಬರುತ್ತವೆ. ದೊಡ್ಡವು ಕೆಲವು ಬಂದು ಹೋದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ದಾಟುವುದು ಆ ಬಿಡುವಿನಲ್ಲಿ. ಹೋಗುವಾಗ ಮೂತಿ ಅಲೆಗೆ ಎದುರಾಗಿರಲಿ, ದೋಣಿ ಎಂದಿಗೂ ಅಲೆಗೆ ಅಡ್ಡ ಬೀಳಬಾರದು. ಬರುವಾಗ ಅಲೆಯನ್ನು ಹಿಂದಿಕ್ಕಿ ಓಡಬಾರದು, ಒಂದು ಅಲೆಯ ಬೆನ್ನ ಹಿಂದೆಯೇ ಅದರ ವೇಗಕ್ಕೆ ಸರಿಯಾಗಿ ಬರಬೇಕು. ಬಲೆ, ಹಗ್ಗ ಪ್ರೊಪೆಲ್ಲರ್‌ಗೆ ಸಿಕ್ಕದಂತೆ ಮೊದಲೇ ಕಟ್ಟಿರಬೇಕು. ಬಾಗಿಲು ಒರಟಾಗಿ ಕಂಡರೆ ಹೊರಗೇ ಕಾಯಬೇಕು. ಮೀನು ಹಾಳಾದರೆ ಹೋಗಲಿ.

ಇದೆಲ್ಲ ಓದಿ ಬರುವ ವಿದ್ಯೆ ಅಲ್ಲ. ಮೊದಲು ಕೆಲವು ದಿನ ಹೊಳೆಯಲ್ಲೇ ಅಭ್ಯಾಸ ಆಗಲಿ. ಖಾಲಿ ಕ್ಯಾನೊಂದನ್ನು ನೀರಿಗೆ ಎಸೆದು, ಮನುಷ್ಯ ಬಿದ್ದಿದ್ದಾನೆ ಅಂತ ತಿಳಿದು ತಿರುಗಿ ಬಂದು ಎತ್ತಿಕೊಳ್ಳಿ. ಹತ್ತಿರ ಬಂದಾಗ ಇಂಜಿನ್ ನಿಲ್ಲಿಸಬೇಕು. ಆಮೇಲೆ ಅಳಿವೆ ಗೊತ್ತಿರುವ ಹಿರಿಯ ತಾಂಡೇಲರೊಬ್ಬರನ್ನು ಕೂರಿಸಿಕೊಂಡು ಹೋಗಿ. ಅವರಿಗೆ ಕೊಡುವ ಪಾಲು ನಷ್ಟವಲ್ಲ.

ಚಂದ್ರ, ಗಾಳಿ, ಕಳ್ಳಕಡಲು

ಚಂದ್ರನ ತಾರೀಕು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕಡಲಿಗೂ ಅದೇ ಕ್ಯಾಲೆಂಡರ್. ಚಾಂದ್ರಮಾನ ತಿಂಗಳ ಆರಂಭ ಮತ್ತು 14-15ರ ಸುಮಾರಿಗೆ ಉಬ್ಬರ-ಇಳಿತ ಜೋರು, ಅಳಿವೆಯಲ್ಲಿ ಸೆಳೆತವೂ ಜೋರು. 7-8 ಮತ್ತು 22ರ ಸುಮಾರಿಗೆ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಹೊಸಬರು ಕಲಿಯಲು ಸೆಳೆತ ಕಡಿಮೆಯ ದಿನಗಳನ್ನೇ ಆರಿಸಿಕೊಳ್ಳಲಿ.

ಹವಾಮಾನ ಇಲಾಖೆಯ ಎಚ್ಚರಿಕೆ ಮತ್ತು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆ ಎರಡನ್ನೂ ಹಿಂದಿನ ರಾತ್ರಿ ನೋಡಬೇಕು. ಆಕಾಶ ನೋಡಿದರೆ ಸಾಕು ಎನ್ನುವುದಕ್ಕೆ ಕಳ್ಳಕಡಲು ಉತ್ತರ ಕೊಡುತ್ತದೆ. ದೂರದ ದಕ್ಷಿಣ ಸಮುದ್ರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬಂದು ಬಡಿಯುತ್ತದೆ. ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ ಬರುವ ಇದಕ್ಕೆ ಕೇರಳದ ಮೀನುಗಾರರು ಇಟ್ಟ ಹೆಸರನ್ನೇ ವಿಜ್ಞಾನಿಗಳೂ ಬಳಸುತ್ತಾರೆ.

ಇನ್ನು ಜೂನ್-ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿಗೆ ವಿನಾಯಿತಿ ಉಂಟು. ದೊಡ್ಡ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿರುವಾಗ ಮೀನಿಗೆ ಒಳ್ಳೆಯ ರೇಟು. ಆಸೆ ಆಗುವುದು ಸಹಜ. ಆದರೆ ಕಾನೂನು ಬಿಟ್ಟಿದೆ ಎಂದರೆ ಕಡಲು ಬಿಟ್ಟಿದೆ ಎಂದು ಅರ್ಥವಲ್ಲ. ಮಳೆಗಾಲದ ಕಡಲಿಗೆ ಇಳಿಯುವ ನಾಡದೋಣಿಯವರಿಗೆ ತಲೆಮಾರುಗಳ ಅನುಭವ ಉಂಟು. ಮೊದಲ ವರ್ಷದವರು ಆ ಎರಡು ತಿಂಗಳು ಬಲೆ ಹೊಲಿದುಕೊಂಡು ಇರುವುದೇ ಕ್ಷೇಮ.

ಮೀನು ಹೆಚ್ಚಾದಾಗ

2020ರ ನವೆಂಬರ್ ಕೊನೆಯಲ್ಲಿ ಮಂಗಳೂರಿನಿಂದ ಹೋದ ಪರ್ಸಿನ್ ಬೋಟೊಂದು ಮೀನು ತುಂಬಿಕೊಂಡು ಮರಳುವಾಗ ಮಗುಚಿ 6 ಮಂದಿ ತೀರಿಕೊಂಡರು. ಅಷ್ಟು ದೊಡ್ಡ ಬೋಟೇ ಮಗುಚಿದ ಮೇಲೆ ಸಣ್ಣ ದೋಣಿಯ ಮಾತೇನು? ಮೀನು ಹೆಚ್ಚು ಸಿಕ್ಕಿದ ದಿನವೇ ಹೆಚ್ಚು ಎಚ್ಚರ ಬೇಕು. ಭಾರ ನಡುವೆ, ತಳದಲ್ಲಿ ಇರಲಿ, ಒಂದು ಬದಿಗೆ ಬೇಡ. ಅಂಚು ನೀರಿಗೆ ಹತ್ತಿರವಾಗುತ್ತಿದ್ದರೆ ಉಳಿದದ್ದನ್ನು ಕಡಲಿಗೇ ಬಿಡಬೇಕು. ಒಂದು ವೇಳೆ ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜಲು ಹೊರಡಬಾರದು. ದೋಣಿಯನ್ನೇ ಹಿಡಿದುಕೊಂಡಿರಬೇಕು. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಮನೆಯವರು ಮಾಡಬೇಕಾದ್ದು

ಕಡಲಿಗೆ ಹೋಗುವುದು ಗಂಡಸರಾದರೂ ಕಾಯುವುದು ಮನೆಯವರು. ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಕಾಗದ ಅಂಟಿಸಿ. ದೋಣಿಯ ನೋಂದಣಿ ಸಂಖ್ಯೆ, ಬಣ್ಣ, ಅದರಲ್ಲಿರುವವರ ಮೊಬೈಲ್ ನಂಬರ್, ಪಕ್ಕದ ದೋಣಿಯವರ ನಂಬರ್ ಬರೆದಿಡಿ. ಹೊರಡುವಾಗ ಎರಡು ಮಾತು ಕೇಳಿಕೊಳ್ಳಿ: ಯಾವ ಕಡೆಗೆ, ಎಷ್ಟು ಹೊತ್ತಿಗೆ ವಾಪಸ್? ಇದು ಅಪಶಕುನ ಅಲ್ಲ, ಅಡ್ಡಬಾಯಿ ಹಾಕುವುದೂ ಅಲ್ಲ.

ಹೇಳಿದ ಹೊತ್ತು ಮೀರಿ ಒಂದು ಗಂಟೆಯಾದರೆ, ಫೋನೂ ಸಿಗದಿದ್ದರೆ, ಮೊದಲು ಪಕ್ಕದ ದೋಣಿಯವರನ್ನು ವಿಚಾರಿಸಿ. ಸುದ್ದಿ ಇಲ್ಲವಾದರೆ ತಡ ಮಾಡದೆ ಕೋಸ್ಟ್ ಗಾರ್ಡ್‌ನ 1554 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಿ. "ಬೆಳಗಾಗಲಿ, ನೋಡುವ" ಅನ್ನಬೇಡಿ. ಆ ಕಾಗದದಲ್ಲಿ ಬರೆದದ್ದನ್ನು ಓದಿ ಹೇಳಿದರೆ ಹುಡುಕುವವರಿಗೆ ಅರ್ಧ ಕೆಲಸ ಸುಲಭ. ದೋಣಿ ಸುಮ್ಮನೆ ತಡವಾಗಿದ್ದರೆ ಒಂದು ಫೋನ್ ಮಾಡಿ "ಬಂದರು" ಅಂತ ಹೇಳಿದರಾಯಿತು, ಯಾರೂ ಬೈಯುವುದಿಲ್ಲ.

ಮತ್ತೆ ಉಮ್ಮಂದಿರು ಬಾಗಿಲಲ್ಲಿ ನಿಂತು ಕೇಳಬೇಕಾದ ಇನ್ನೊಂದು ಮಾತು ಉಂಟು: "ಮೋನೇ, ಜಾಕೆಟ್ ತಗೊಂಡಿಯಾ?" ದಿನಾ ಕೇಳಿ. ಬೇಜಾರಾದರೂ ಪರವಾಗಿಲ್ಲ.